ಮೊದಲ ತೆನೆ ಸುಡಬೇಡಿ

ನಮ್ಮೂರಿಗೆ ನೆಂಟರು ಬಂದರೆ ತಟ್ಟೆ ಇಡುವ ಮೊದಲು ಯಾವ ವರ್ಷದ ಜೋಳ ಎಂದು ಹೇಳುವುದು ಪದ್ಧತಿ. ಹೇಳದೆ ಬಡಿಸಿದರೆ ಒರಟುತನ. ಜೋಳ ಬೆಳೆಯುವಾಗ ಇದ್ದ ಹವೆ ರೊಟ್ಟಿ ತಿಂದವರ ಮೈಗೆ ಬರುತ್ತದೆ. ಚಳಿ ಉಂಡ ಕಾಳಾದರೆ ಎರಡನೇ ತುತ್ತಿಗೆ ಮುಂಗೈಯ ಕೂದಲು ನಿಲ್ಲುತ್ತವೆ, ಮಂಜು ಬಿದ್ದ ವರ್ಷದ್ದಾದರೆ ಕಿವಿ ತಣ್ಣಗಾಗುತ್ತವೆ. ಅರ್ಧ ಗಂಟೆ ಇದ್ದು ಇಳಿದುಹೋಗುತ್ತದೆ. ನಾನು ಚಿಕ್ಕವಳಿದ್ದಾಗ ಪ್ರತಿ ಮನೆಯಲ್ಲೂ ಊಟದ ಮಣೆಯ ಪಕ್ಕದಲ್ಲಿ ಒಂದು ಕೌದಿ ಮಡಚಿಟ್ಟಿರುತ್ತಿದ್ದರು. ಹೊರಗೆ ಕಲ್ಲು ಕಾಯುವ ಬೇಸಿಗೆ, ಒಳಗೆ ನೆಂಟರು ಕೌದಿ ಹೊದ್ದು, ಪುಂಡಿಪಲ್ಯ ಹಚ್ಚಿಕೊಂಡು, ನಡುಗುತ್ತ ನಗುತ್ತ ಉಣ್ಣುತ್ತಿದ್ದರು. ಓದಲೆಂದು ನಾಲ್ಕು ಊರು ಸುತ್ತಿ ಬಂದವಳು ನಾನು. ಇಂಥ ಸುಖ ಬೇರೆಲ್ಲೂ ಕಂಡಿಲ್ಲ.

ಊರಿನ ಬದುಕೆಲ್ಲ ಇದಕ್ಕೆ ಹೊಂದಿಕೊಂಡಿತ್ತು. ಖಾನಾವಳಿಯ ಫಕೀರವ್ವ ಬೆಳಿಗ್ಗೆ ಎದ್ದು ಬಾಗಿಲ ಮೇಲಿನ ಹಲಗೆಯಲ್ಲಿ ‘ಇಂದು ಎಳೆಬಿಸಿಲು’ ಎಂದೋ ‘ಇಂದು ಮೋಡ’ ಎಂದೋ ಬರೆಯುತ್ತಿದ್ದಳು. ಜಗಳ ಬಿಡಿಸಲು ಕೂತ ಪಂಚರು ಎರಡೂ ಕಡೆಯವರಿಗೆ ತುಂತುರು ಮಳೆಯ ವರ್ಷದ ರೊಟ್ಟಿ ತಿನ್ನಿಸಿಯೇ ಮಾತು ತೆಗೆಯುತ್ತಿದ್ದರು. ಬಸುರಿಯರಿಗೆಂದು ಚಾವಡಿಯ ಪಕ್ಕದ ನೆಲದಡಿಯಲ್ಲಿ ಒಂದು ಹಗೇವು ಮೀಸಲಾಗಿತ್ತು. ಅದರ ತುಂಬ ಒಳ್ಳೆಯ ಚಳಿ ಬಿದ್ದ ವರ್ಷದ ಜೋಳ. ಅದಕ್ಕೆ ತಂಪು ಹಗೇವು ಎಂದೇ ಹೆಸರು. ಬಸುರಿ ಹೆಂಗಸಿಗೆ ಉಷ್ಣ ಆಗಬಾರದೆಂದು ಎಲ್ಲ ಊರಿನವರೂ ಹೇಳುತ್ತಾರೆ. ನಮ್ಮಲ್ಲಿ ಅದಕ್ಕೆ ತಯಾರಿಯೂ ಇತ್ತು.

ಆಮೇಲೆ ಬಿಸಿಲು ಹೆಚ್ಚುತ್ತ ಬಂತು. ಒಂದೇ ಸಲ ಬಂದಿದ್ದರೆ ಹೆದರುತ್ತಿದ್ದೆವು, ವರ್ಷಕ್ಕೆ ಒಂದಿಷ್ಟೇ ಬಂದಿದ್ದರಿಂದ ತಮಾಷೆ ಮಾಡಿಕೊಂಡು ಕೂತೆವು. ಕೌದಿಗಳು ಅಟ್ಟ ಹತ್ತಿದವು, ಮಣೆಯ ಪಕ್ಕ ಬೀಸಣಿಗೆ ಬಂತು. ಗಂಡಸರು ಅಂಗಿ ಬಿಚ್ಚಿಟ್ಟು ಊಟಕ್ಕೆ ಕೂರತೊಡಗಿದರು. ಶಾಲೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳೆಲ್ಲ ನೀರಿನ ಕೊಳಗದ ಸುತ್ತ ನಿಂತಿರುತ್ತಾರೆ, ಪಾಠಕ್ಕೆ ಯಾರೂ ಬರುವುದಿಲ್ಲ ಎಂದು ಮಾಸ್ತರರು ದೂರು ಕೊಟ್ಟರು. ಫಕೀರವ್ವ ಮಾತ್ರ ಖುಷಿಯಾಗಿದ್ದಳು, ಅವಳ ಮಜ್ಜಿಗೆ ರೊಟ್ಟಿಗಿಂತ ಹೆಚ್ಚು ಖರ್ಚಾಗುತ್ತಿತ್ತು. ಹೊರಗಿನಿಂದ ಲಾರಿಯಲ್ಲಿ ಬೇರೆ ಜೋಳವೂ ಬರತೊಡಗಿತು. ಅದರಲ್ಲಿ ಯಾವ ಹವೆಯೂ ಇರುವುದಿಲ್ಲ. ನಾವು ಅದನ್ನು ಮೂಕ ಜೋಳ ಎನ್ನುತ್ತೇವೆ. ಹೊಟ್ಟೆ ತುಂಬುತ್ತದೆ, ಉಂಡೆ ಅನ್ನಿಸುವುದಿಲ್ಲ.

ನಾನು ಶಕುಂತಲಾ, ಊರಿನ ಬೀಜದ ಮನೆ ನೋಡಿಕೊಳ್ಳುವವಳು. ಬೆಳೆಯ ವಿಜ್ಞಾನ ಓದಿಕೊಂಡು ಬಂದಿದ್ದೇನೆ. ನನಗೆ ವಿನಯ ಕಡಿಮೆ ಎಂದು ಊರವರು ಹೇಳುತ್ತಾರೆ. ಎಕರೆಗೆ ಎಷ್ಟು ಚೀಲ ಬಂದೀತೆಂದು ಹೊಲ ನೋಡಿ ನಾನು ಹೇಳಿದ್ದು ತಪ್ಪುವುದಿಲ್ಲವಾದ್ದರಿಂದ ವಿನಯಕ್ಕೆ ಅವಕಾಶವೇ ಸಿಕ್ಕಿಲ್ಲ. ಆದರೆ ಬಿಸಿಲ ರೊಟ್ಟಿಯ ವಿಷಯದಲ್ಲಿ ಎಂಟು ವರ್ಷ ಸೋತಿದ್ದೆ. ಹೊಲದಲ್ಲಿ ಒಡ್ಡು ಹಾಕಿಸಿದೆ, ಸಾಲಿನ ನಡುವೆ ಸೊಪ್ಪು ಹಾಸಿಸಿದೆ, ತೇವ ಉಳಿಯಿತು, ಬೆಳೆ ಚೆನ್ನಾಗಿ ಬಂತು, ರೊಟ್ಟಿ ಸುಟ್ಟಿತು. ಬಿಸಿಲು ತಾಳುವ ತಳಿ ತರಿಸಿ ಒಂದು ಪಟ್ಟಿಯಲ್ಲಿ ಬೆಳೆದೆ. ಗಿಡ ಬಿಸಿಲು ತಾಳಿತು, ತಿಂದವರು ತಾಳಲಿಲ್ಲ. ಇಳುವರಿ ಬೇರೆ, ಗುಣ ಬೇರೆ ಎಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದವಳಿಗೆ ಅದರ ಅರ್ಥ ತಿಳಿದದ್ದು ಆ ರೊಟ್ಟಿ ತಿಂದು ತಲೆಯ ಮೇಲೆ ನೀರು ಸುರಿದುಕೊಂಡಾಗ.

ಆ ವರ್ಷ ಚೈತ್ರದಲ್ಲಿ ಊರಿನ ಅಧ್ಯಕ್ಷ ಮಹಾರುದ್ರಪ್ಪನವರ ಮಗಳು ಅನಸೂಯಾ ತವರಿಗೆ ಬಂದಿದ್ದಳು, ಚೊಚ್ಚಿಲ ಬಸುರಿ. ತಂಪು ಹಗೇವು ಆಗಲೇ ತಳ ಕಂಡಿತ್ತು. ಕೊನೆಯ ಬುಟ್ಟಿ ಮುಗಿದ ಮರುದಿನ ಅವಳು ಹೊಸ ಜೋಳದ ರೊಟ್ಟಿ ಮುರಿದಳು. ಅರ್ಧ ರೊಟ್ಟಿಗೆ ಮುಖ ಕೆಂಪಾಯಿತು, ಕಣ್ಣು ಮೇಲಾಗಿ ಗೋಡೆಗೆ ಒರಗಿದಳು. ಮಗುವಿಗೇನೂ ಆಗಲಿಲ್ಲ. ಆದರೆ ಮಹಾರುದ್ರಪ್ಪ ಎರಡೇ ದಿನದಲ್ಲಿ ಊರನ್ನು ಚಾವಡಿಗೆ ಕರೆಸಿದರು.

“ನನಗೂ ಸಂಕಟ ಆಗತೈತಿ. ಆದ್ರ ಮಗಳು ಒಂದ್ ರೊಟ್ಟಿ ತಿಂದು ಕಣ್ಣು ತಿರುಗಿ ಬೀಳೂದನ್ನ ಇನ್ನೊಮ್ಮೆ ನೋಡೂ ಧೈರ್ಯ ನನಗಿಲ್ಲ. ಬರೂ ಹಿಂಗಾರಿಗೆ ಮೂಕ ಬೀಜ ಬಿತ್ತೂಣು. ತಿಂಗಳೊಪ್ಪತ್ತು ವಿಚಾರ ಮಾಡ್ರಿ, ಹುಣ್ಣಿಮಿಗೆ ಮತ್ತ ಕೂಡೂಣು,” ಎಂದರು.

ನಮ್ಮಲ್ಲಿ ಬೀಜ ಒಂದೇ, ಎಲ್ಲರಿಗೂ ಬೀಜದ ಮನೆಯಿಂದಲೇ ಹಂಚಿಕೆ. ಊರು ಮೂಕ ಬೀಜ ಬಿತ್ತಿದರೆ ನಮ್ಮ ಜೋಳ ಗಡಿಗೆಯಲ್ಲೇ ಕೂರುತ್ತದೆ, ಕೆಲವು ವರ್ಷ ಕೂತ ಬೀಜ ಮೊಳೆಯುವುದಿಲ್ಲ. ಆಮೇಲೆ ಯಾವ ಕಾಲೇಜಿಗೆ ಹೋಗಿ ಕೇಳಿದರೂ ಈ ರೊಟ್ಟಿ ಮತ್ತೆ ಸಿಗುವುದಿಲ್ಲ. ಅಂದು ಚಾವಡಿಯ ಕಟ್ಟೆ ಇಳಿಯುವಾಗ ನನಗೆ ಅಳು ಬಂದಿತ್ತು, ಸಿಟ್ಟು ಎಂದು ಹೇಳಿಕೊಂಡೆ.

ನನ್ನನ್ನು ಸಾಕಿದವಳು ನನ್ನ ಸೋದರತ್ತೆ ಗುರವ್ವ. ಊರಿಗೆಲ್ಲ ಬೀಜ ಆರಿಸುವ ಕೈ ಅವಳದು. ಸುಗ್ಗಿಯ ಕೊನೆಯ ದಿನ, ಹೊಲದಲ್ಲಿ ಉಳಿದ ಕೊನೆಯ ಹೊರೆಗೆ ಅರಿಷಿಣ ಕುಂಕುಮ ಹಚ್ಚಿ, ಅದರೊಳಗಿನ ದಪ್ಪ ತೆನೆಗಳನ್ನು ಬೀಜಕ್ಕೆ ಆರಿಸುವುದು ಪದ್ಧತಿ. ಎಲ್ಲಕ್ಕಿಂತ ಕೊನೆಯವರೆಗೆ ನಿಂತ ತೆನೆಯೇ ಗಟ್ಟಿ ಎಂಬ ಲೆಕ್ಕ. ಅವಳ ಅತ್ತೆಯೂ, ಆ ಅತ್ತೆಯ ಅತ್ತೆಯೂ ಹಾಗೇ ಆರಿಸಿದ್ದರು. ಬೀಜದ ಮನೆಗೆ ನಾನು ಬಂದ ಮೇಲೆ ಆ ಹೊರೆ ಹೊತ್ತು ತಂದವಳೂ ನಾನೇ.

ಸಭೆಯಾದ ಮೂರನೇ ದಿನ ಅತ್ತೆಯ ಮನೆಗೆ ಹೋದಾಗ ಜಂತಿಯಿಂದ ಏಳು ತೆನೆಗಳು ನೇತಾಡುತ್ತಿದ್ದವು. ಸಣ್ಣ ತೆನೆಗಳು, ಧೂಳು ಹಿಡಿದಿದ್ದವು.

“ಇವು ಯಾವು ಅತ್ತಿ?” ಎಂದೆ.

“ಈ ಸಲ ಸೀತನಿಗೆ ಕೊಯ್ದ್ ತಂದಿದ್ದೆ. ಅವತ್ತ ನಮ್ಮ ಮೈದುನ ತೀರಿಕೊಂಡ್ನಲ್ಲ, ಸೂತಕದಾಗ ಯಾರ್ ಸೀತನಿ ಸುಡ್ತಾರ? ಮೇಲ ಕಟ್ಟಿದ್ದೆ, ಮರತ ಹೋತು. ಒಯ್ದು ಕೋಳಿಗೆ ಹಾಕ.”

ಸೀತನಿ ಎಂದರೆ ಹಸಿ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ ಕಾಳು ಬಿಡಿಸಿ, ಬೆಲ್ಲ ಮತ್ತು ಶೇಂಗಾ ಹಿಂಡಿಯ ಜೊತೆ ತಿನ್ನುವುದು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಇಡೀ ಊರು ಹೊಲದಲ್ಲಿ ಕೂತು ತಿನ್ನುತ್ತದೆ. ಮೊದಲು ಹಾಲು ತುಂಬಿದ ತೆನೆಗಳೆಲ್ಲ ಅಂದು ಕೆಂಡಕ್ಕೆ ಹೋಗುತ್ತವೆ. ಎಳೆಯ ಕಾಳಿಗೆ ಇನ್ನೂ ಹವೆ ಹತ್ತಿರುವುದಿಲ್ಲ, ಸಿಹಿ ಅಷ್ಟೇ. ಅಂದರೆ ಮೊದಲ ತೆನೆಗಳು ಒಣಗಿ ಗಟ್ಟಿಯಾದದ್ದನ್ನು ನಮ್ಮೂರಿನಲ್ಲಿ ಯಾರೂ ತಿಂದಿರಲಿಲ್ಲ.

ಕೋಳಿಗೆ ಹಾಕಲಿಲ್ಲ. ಮನೆಗೆ ಒಯ್ದು, ತೆನೆಗೊಂದಿಷ್ಟು ಕಾಳು ಬಿಟ್ಟು ಉಳಿದದ್ದನ್ನು ಬೀಸಿದೆ. ಎರಡು ರೊಟ್ಟಿಯಾದವು. ಮೇಲೆ ತಗಡು ಕಾದು ಟಕಟಕ ಎನ್ನುತ್ತಿತ್ತು, ಪಕ್ಕದಲ್ಲಿ ಅಭ್ಯಾಸಬಲದಿಂದ ಬೀಸಣಿಗೆ ಇಟ್ಟುಕೊಂಡಿದ್ದೆ. ಮೊದಲ ತುತ್ತಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಹಲ್ಲು ಕಟಕಟಿಸಿತು. ಅದೇ ಹೊಲ, ಅದೇ ವರ್ಷ, ಅದೇ ಬೀಜ. ಅನಸೂಯಾಳನ್ನು ಬೀಳಿಸಿದ ಜೋಳದ ಅಕ್ಕತಂಗಿಯರು ನನ್ನನ್ನು ನಡುಗಿಸುತ್ತಿದ್ದರು. ಎದ್ದು ಹೋಗಿ ಸೀರೆಯೊಂದನ್ನು ಹೊದ್ದುಕೊಂಡು ಎರಡನೇ ರೊಟ್ಟಿಯನ್ನೂ ಮುಗಿಸಿದೆ.

ಹೊಲದ ದಿನಚರಿ ತೆಗೆದು ನೋಡಿದೆ. ಸೀತನಿಯ ತೆನೆಗಳು ಉಳಿದವಕ್ಕಿಂತ ಹದಿನೆಂಟು ದಿನ ಮೊದಲು ಹೂ ಬಿಟ್ಟಿದ್ದವು. ಅವುಗಳ ಹಾಲು ಗಟ್ಟಿಯಾದದ್ದು ಪುಷ್ಯ ಮಾಸದ ಚಳಿಯಲ್ಲಿ, ಅರ್ಧ ಹೊಲದಲ್ಲಿ, ಅರ್ಧ ಜಂತಿಗೆ ತೂಗುತ್ತ. ಕೊನೆಯ ತೆನೆಗಳದ್ದು ಮಾಘದ ಕೊನೆಗೆ, ಶಿವರಾತ್ರಿಯ ಬಿಸಿಲಲ್ಲಿ. ಬಿತ್ತಿದಾಗಿನ ಹವೆ, ಎಲೆ ಬಿಡುವಾಗಿನ ಹವೆ ಯಾವುದೂ ಕಾಳಿಗೆ ಬೇಕಿಲ್ಲ. ಹಾಲು ಗಟ್ಟಿಯಾಗುವ ಆ ಇಪ್ಪತ್ತು ಇಪ್ಪತ್ತೈದು ದಿನಗಳ ಹವೆಯನ್ನೇ ಅದು ಹಿಡಿದಿಡುತ್ತದೆ. ಹಿಂದೆ ಹಸ್ತ ಮಳೆಗೆ ಬಿತ್ತುತ್ತಿದ್ದೆವು, ತಡವಾಗಿ ಬಲಿಯುವ ತೆನೆಗೂ ಚಳಿ ಸಿಗುತ್ತಿತ್ತು. ಈಗ ಮಳೆ ಬಿಡುವುದೇ ಸ್ವಾತಿಗೆ, ಅಲ್ಲಿಯವರೆಗೆ ಎರೆ ಹೊಲ ಕಾಲಿಡಲು ಬಿಡುವುದಿಲ್ಲ. ಕಾಲ ನಮ್ಮನ್ನು ಮುಂದೆ ತಳ್ಳುತ್ತಿತ್ತು ನಿಜ. ಆದರೆ ನಾವೂ ಏನು ಮಾಡಿದ್ದೆವು? ಬೇಗ ಬಲಿಯುವ ತೆನೆಯನ್ನು ಪ್ರತಿ ವರ್ಷ ಸುಟ್ಟು ತಿಂದೆವು, ತಡವಾಗಿ ಬಲಿಯುವುದನ್ನೇ ಪೂಜೆ ಮಾಡಿ ಬಿತ್ತಿದೆವು. ನೂರು ವರ್ಷ ಹೀಗೆ ಆರಿಸಿದರೆ ಯಾವ ಜೋಳವಾದರೂ ಸೋಮಾರಿಯಾಗುತ್ತದೆ. ಇದನ್ನು ಕಾಲೇಜಿನ ಮೊದಲ ವರ್ಷದಲ್ಲೇ ಹೇಳಿಕೊಟ್ಟಿದ್ದರು. ಎಂಟು ವರ್ಷ ನಾನು ಆಕಾಶ ನೋಡುತ್ತ ಕೂತಿದ್ದೆ.

ಸಂತೋಷ ತಡೆಯಲಾರದೆ ಅತ್ತೆಯ ಮನೆಗೆ ಓಡಿದೆ. ಯಾರ ಮುಂದೆ ಏನು ಹೇಳುತ್ತಿದ್ದೇನೆ ಎಂಬ ಎಚ್ಚರವಿರಲಿಲ್ಲ. ತಪ್ಪು ಸಿಕ್ಕಿತು ಎಂದೆ, ಕೊನೆಯ ಹೊರೆಯೇ ತಪ್ಪು ಎಂದೆ, ದಿನಾಂಕಗಳನ್ನು ಓದಿ ಹೇಳಿದೆ. ಅತ್ತೆ ಬೇಳೆ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

“ಅರವತ್ತು ಸುಗ್ಗಿ ಆರಿಸೇನಿ ಶಕ್ಕೂ. ಆ ಹುಡುಗಿ ಬಿದ್ದದ್ದು ನನ್ನ ಕೈಯಿಂದ ಅಂತೀಯೇನು?”

“ಹಂಗಲ್ಲ ಅತ್ತಿ. ನಾನೂ ಹೊರಿ ಹೊತ್ತೇನಿ.”

“ನೀ ಹೊತ್ತಿ. ಆರಿಸಿದಾಕಿ ನಾ,” ಎಂದು ಎದ್ದು ಒಳಗೆ ಹೋದಳು. ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು. ಮನೆಗೆ ಹೋದರೆ ಚಹಾ ಕೊಡುತ್ತಿದ್ದಳು, ತಟ್ಟೆ ಇಡುತ್ತಿದ್ದಳು, ಬಾಯಿ ಬಿಚ್ಚುತ್ತಿರಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ತಾಯಿ ಇಲ್ಲದ ನನಗೆ ಮಾತು ಕಲಿಸಿದವಳೇ ಅವಳು.

ಹುಣ್ಣಿಮೆಯ ಸಭೆಯಲ್ಲಿ ನಾನು ಎದ್ದು ನಿಂತೆ. ಅತ್ತೆಯ ಹೆಸರೆತ್ತಲಿಲ್ಲ. ಮೂರು ಸುಗ್ಗಿ ಕೊಡಿ ಎಂದೆ. ಮೊದಲ ಸುಗ್ಗಿಯಲ್ಲಿ ಎಲ್ಲ ಹೊಲಗಳ ಮೊದಲ ತೆನೆಗಳನ್ನು ಸುಡದೆ ಒಣಗಲು ಬಿಡಬೇಕು, ಅವೇ ಬೀಜ. ಒಂದೇ ಹೊಲದಿಂದ ಆರಿಸಿದರೆ ಒಂದೇ ರೋಗಕ್ಕೆ ಎಲ್ಲ ಹೋಗುತ್ತದೆ, ಅದಕ್ಕೆ ಎಲ್ಲ ಮನೆಯ ತೆನೆಯೂ ಬೇಕು. ಎರಡನೇ ಸುಗ್ಗಿಯಲ್ಲಿ ಅದರೊಳಗಿನ ಮೊದಲ ತೆನೆ. ಮೂರನೆಯದಕ್ಕೆ ಬಸುರಿಯೊಬ್ಬಳು ತಿನ್ನುವಂಥ ರೊಟ್ಟಿ.

“ಆಗದಿದ್ರ?” ಎಂದರು ಮಹಾರುದ್ರಪ್ಪ.

“ಆಗತೈತ್ರಿ ಅಣ್ಣಾರ.”

“ಆಗದಿದ್ರ ಅಂತ ಕೇಳೇನಿ.”

“ನಾಲ್ಕನೇ ವರ್ಷ ಮೂಕ ಬೀಜದ ಚೀಲ ನಾನ ಹೊತ್ತು ಹಂಚತೇನಿ.”

ಅವರು ಮೀಸೆ ತಿರುವಿ, “ಸೀತನಿ ದಿನ ನೋಡೂಣು. ಊರು ತೆನಿ ಉಳಿಸಿ ಕೊಟ್ರ ಮೂರು ಸುಗ್ಗಿ ನಿಂದು. ಬಾಯಿ ಕಟ್ಟಾಕ ಆಗಲಿಲ್ಲಂದ್ರ ಅವತ್ತ ಮೂಕ ಬೀಜಕ್ಕ ಹೇಳಿಕಳಸ್ತೇನಿ,” ಎಂದರು. ನ್ಯಾಯವಾದ ಮಾತು. ಆದರೆ ಸೀತನಿಯ ವಿಷಯದಲ್ಲಿ ನಮ್ಮೂರಿನ ಬಾಯಿ ಕಟ್ಟುವುದೆಂದರೇನೆಂದು ನನಗೆ ಗೊತ್ತಿತ್ತು. ಅದಕ್ಕಾಗಿ ಊರಿನ ಹೆಣ್ಣುಮಕ್ಕಳು ಗಂಡನ ಮನೆಯಿಂದ ಬರುತ್ತಾರೆ. ಮೊದಲ ತೆನೆಯನ್ನು ಕೆಂಡಕ್ಕೆ ಹಾಕುವವಳು ಗುರವ್ವತ್ತೆ.

ಆ ಹಿಂಗಾರಿನಲ್ಲೂ ಮಳೆ ತಡವಾಗಿಯೇ ಬಿಟ್ಟಿತು. ನಾನು ಹೊಲಹೊಲ ಸುತ್ತಿ, ಮೊದಲು ಹೂ ಬಿಟ್ಟ ಗಿಡಗಳಿಗೆಲ್ಲ ಬಿಳಿ ದಾರ ಕಟ್ಟಿದೆ. ಸೀತನಿಯ ದಿನ ಎಲ್ಲರೂ ಬಂದರು. ಕುಳ್ಳು ಹೊತ್ತಿಸಿದರು, ಕೆಂಡವಾಯಿತು, ಬೆಲ್ಲ ಹಿಂಡಿ ಬುಟ್ಟಿಯಿಂದ ಹೊರಬಂದವು. ಯಾರೂ ತೆನೆ ಕೊಯ್ಯಲಿಲ್ಲ, ಯಾರೂ ಮನೆಗೂ ಹೋಗಲಿಲ್ಲ. ಸುಮ್ಮನೆ ಕೆಂಡ ನೋಡುತ್ತ ಕೂತರು. “ಒಂದ ತೆನಿ ಸುಟ್ರ ಊರು ಮುಳುಗತೈತೇನು?” ಎಂದು ಫಕೀರವ್ವ ಗೊಣಗಿದಳು. ಒಂದಿಬ್ಬರು ಎದ್ದು ಸಾಲಿನ ಕಡೆ ನಡೆದರು. ಮಹಾರುದ್ರಪ್ಪ ನನ್ನ ಮುಖ ನೋಡಿದರು. ಒಬ್ಬರು ಕೊಯ್ದರೆ ಎಲ್ಲರೂ ಕೊಯ್ಯುತ್ತಾರೆ.

ಅತ್ತೆ ಕುಡುಗೋಲು ಹಿಡಿದು ಬಂದಳು. ಬಿಳಿ ದಾರದ ಗಿಡದ ಮುಂದೆ ನಿಂತು ತೆನೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಅದನ್ನು ದಾಟಿ ಮುಂದೆ ಹೋದಳು. ಎಲ್ಲಕ್ಕಿಂತ ಎತ್ತರದ, ಹಸಿರು ಹಸಿರಾದ, ಇನ್ನೂ ಹೂವೇ ಉದುರದ ತೆನೆಯೊಂದನ್ನು ಹಿಡಿದು ಎಲ್ಲರಿಗೂ ತೋರಿಸಿದಳು.

“ಸೀತನಿ ಬ್ಯಾಡ ಅಂದೋರು ಯಾರು? ಇದು ಇನ್ನ ಹದಿನೈದ್ ಇಪ್ಪತ್ತ್ ದಿನಕ್ಕ ಹಾಲು ತುಂಬತೈತಿ. ಅವತ್ತ ಬರ್ರಿ, ಇದನ್ನ ಸುಡೂಣು. ಹಿಂದ ಬರೂದನ್ನ ತಿನ್ನೂಣು, ಮುಂದ ಬಂದದ್ದನ್ನ ಬಿತ್ತೂಣು. ಇಷ್ಟ ದಿನ ನಾ ಉಲ್ಟಾ ಮಾಡಿದೆ. ಕೆಂಡ ಆರಿಸ್ರಿ.”

ಫಕೀರವ್ವನೇ ಎದ್ದು ಕೆಂಡದ ಮೇಲೆ ಕೊಡದ ನೀರು ಸುರಿದಳು. ಅತ್ತೆ ನನ್ನ ಹತ್ತಿರ ಬಂದು, “ದಾರ ಸಡ್ಲ ಕಟ್ಟೀಯಲ್ಲ, ಗಾಳಿಗೆ ಉಚ್ಚತಾವು. ಇಷ್ಟ ಓದಿ ಒಂದ ಗಂಟು ಹಾಕಾಕ ಬರಂಗಿಲ್ಲ,” ಎಂದು ಬೈದಳು. ಒಂಬತ್ತು ತಿಂಗಳ ಮೇಲೆ ಕೇಳಿದ ಮಾತು. ನಾನು ಎಲ್ಲರೆದುರು ಅತ್ತುಬಿಟ್ಟೆ. ಅವಳು ನೋಡದವಳಂತೆ ಗಂಟು ಬಿಗಿಯುತ್ತ ಹೋದಳು.

ಯೋಚಿಸಿದಷ್ಟು ಸಲೀಸಾಗಿ ಆಗಲಿಲ್ಲ. ಎರಡನೇ ಸುಗ್ಗಿಗೆ ತೆನೆಗಳು ಸಣ್ಣವಾದವು, ರಾಶಿ ತಗ್ಗಿತು. “ಬೀಜದಕ್ಕ ಜೋಳ ಬೆಳೀಲಿಲ್ಲ, ನವಣಿ ಬೆಳದಾಳ,” ಎಂದು ಚಾವಡಿಯಲ್ಲಿ ಆಡಿಕೊಂಡರು. ರೊಟ್ಟಿ ಸ್ವಲ್ಪ ತಣ್ಣಗಾಗಿತ್ತು, ಅಂಗಿ ಬಿಚ್ಚದೆ ಉಣ್ಣಬಹುದಾಗಿತ್ತು, ಅಷ್ಟೇ. ಬೇಗ ಬಲಿಯುವ ಗಿಡ ಕಡಿಮೆ ಎಲೆ ಬಿಡುತ್ತದೆ, ಕಡಿಮೆ ನೀರು ಕುಡಿಯುತ್ತದೆ. ಹಾಗಿದ್ದರೆ ಅದಕ್ಕೆ ಹಳೆಯ ಗಿಡದಷ್ಟು ಜಾಗ ಯಾಕೆ? ಬಡಿಗೇರರ ಹತ್ತಿರ ಹೋಗಿ ಊರಿನವರು ಬಿತ್ತುವ ಕೂರಿಗೆಗಳ ತಾಳುಗಳನ್ನೆಲ್ಲ ನಾಲ್ಕು ಬೆರಳು ಹತ್ತಿರ ಮಾಡಿಸಿದೆ. ಸಾಲು ಹತ್ತಿರವಾದವು. ತೆನೆ ಆರಿಸುವಾಗ ಅತ್ತೆ ಮೊದಲ ತೆನೆಗಳಲ್ಲೂ ಕಾಳು ಒತ್ತಾಗಿ ಕೂತದ್ದನ್ನು ಮಾತ್ರ ಇಟ್ಟಳು. ನಾನು ದಿನಾಂಕ ನೋಡಿದೆ, ಅವಳು ಕಾಳು ನೋಡಿದಳು. ಆ ಎರಡೂ ಬೇಕಿದ್ದವು.

ಮೂರನೇ ವರ್ಷ ಮಾಘದ ನಡುವಿಗೇ ಬೇಸಿಗೆ ಬಂತು. ನಾನೊಂದು ಪಟ್ಟಿಯಲ್ಲಿ ಹೋಲಿಕೆಗೆಂದು ಬಿತ್ತಿದ್ದ ಹಳೆಯ ಬೀಜದ ತೆನೆಗಳಲ್ಲಿ ಅರ್ಧ ಜೊಳ್ಳಾದವು. ಉಳಿದ ಹೊಲಗಳಲ್ಲಿ ಕಾಳು ಆಗಲೇ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಬಿಸಿಲಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ. ರಾಶಿ ಹಿಂದಿನ ಒಳ್ಳೆಯ ವರ್ಷಗಳಷ್ಟೇ ಎತ್ತರ ನಿಂತಿತು. ನವಣೆ ಎಂದವರೇ ಚೀಲ ಸಾಲದೆ ನನ್ನ ಹತ್ತಿರ ಕೇಳಲು ಬಂದರು. ನಾನು ಎರಡು ಮಾತು ಆಡಿಯೇ ಕೊಟ್ಟೆ.

ಆದರೆ ಷರತ್ತು ರಾಶಿಯದ್ದಲ್ಲ, ರೊಟ್ಟಿಯದ್ದು. ಅನಸೂಯಾ ಎರಡನೇ ಬಸುರಿಗೆ ಮತ್ತೆ ತವರಿಗೆ ಬಂದಿದ್ದಳು. ಹೋಳಿಯ ಮರುದಿನ, ನಡುಮಧ್ಯಾಹ್ನ, ಮಹಾರುದ್ರಪ್ಪನವರ ಪಡಸಾಲೆಯಲ್ಲಿ ಹೊಸ ಜೋಳದ ಮೊದಲ ರೊಟ್ಟಿ ಬೆಂದಿತು. ಜನ ಬಾಗಿಲವರೆಗೆ ತುಂಬಿದ್ದರು. ಎಲ್ಲರ ಕೈಯಲ್ಲೂ ಬೀಸಣಿಗೆ, ಮುಖದ ತುಂಬ ಬೆವರು. ಮೂರು ವರ್ಷದ ಹಿಂದೆ ಒರಗಿದ ಗೋಡೆಗೇ ಒರಗಿ ಅನಸೂಯಾ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ರೊಟ್ಟಿಯನ್ನು ಮುಟ್ಟಲಿಲ್ಲ, ಅವಳ ಕಣ್ಣಲ್ಲಿ ಹೆದರಿಕೆ ಕಾಣುತ್ತಿತ್ತು.

“ಮೊದಲ ನಾ ತಿಂತೇನಿ. ಆರಿಸಿದಾಕಿ ನಾ,” ಎಂದು ಅತ್ತೆ ತಟ್ಟೆ ಎಳೆದುಕೊಂಡಳು.

ಒಂದು ತುತ್ತು ಅಗಿದಳು. ಎರಡು. ಅವಳ ಮುಖ ನೋಡಿದರೆ ಯಾವತ್ತೂ ಏನೂ ತಿಳಿಯುವುದಿಲ್ಲ. ಮೂರನೆಯದನ್ನು ಅಗಿದು ನುಂಗಿ, ನೀರಿನ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದಳು. ಲೆಕ್ಕವೆಲ್ಲ ಸರಿಯಿದೆ ಎಂದು ಮೂರು ವರ್ಷ ಸಾರಿಕೊಂಡು ಬಂದ ನಾನು ಆ ತಂಬಿಗೆಯನ್ನೇ ನೋಡುತ್ತ ಕೂತೆ. ಆಗ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಶಕ್ಕೂ, ಕೌದಿ ತಾ,” ಎಂದಳು.

ಕೌದಿ ಎಲ್ಲಿತ್ತು? ಯಾರ ಮನೆಯಲ್ಲೂ ಕೈಗೆ ಸಿಗುವ ಹಾಗಿರಲಿಲ್ಲ. ನಾನು ಏಳುವಷ್ಟರಲ್ಲಿ ಅರವತ್ತು ದಾಟಿದ ಮಹಾರುದ್ರಪ್ಪ ಧೋತರ ಎತ್ತಿ ಕಟ್ಟಿ ತಾವೇ ಅಟ್ಟ ಹತ್ತಿದರು. ಮೇಲೆ ಪಾತ್ರೆ ಉರುಳಿದ ಸದ್ದಾಯಿತು, ಸೀನಿದರು. ಧೂಳು ಮೆತ್ತಿದ ಹಳೆಯ ಕೌದಿಯೊಂದನ್ನು ಎದೆಗವಚಿಕೊಂಡು ಇಳಿದು ಬಂದು ಅತ್ತೆಯ ಮುಂದೆ ಹಿಡಿದರು. ಅವರ ಕಣ್ಣು ತುಂಬಿದ್ದವು, ಧೂಳಿಗೆ ಎಂದರು.

ಅತ್ತೆ ಕೌದಿಯನ್ನು ಕೊಡವಿದಳು. ನಡುಗುತ್ತಲೇ ಎದ್ದು ಹೋಗಿ ಅದನ್ನು ಅನಸೂಯಾಳ ಹೆಗಲಿಗೆ ಹೊದಿಸಿ, ಎರಡೂ ಅಂಚನ್ನು ಹೊಟ್ಟೆಯ ಮೇಲೆ ಕೂಡಿಸಿ, ಉಳಿದ ರೊಟ್ಟಿಯನ್ನು ಅವಳ ಕೈಗೆ ಕೊಟ್ಟಳು.

“ಉಣ್ಣವಾ ಇನ್ನ,” ಎಂದಳು.